ಪಟದ ಸಂದ್ಯಾಗಪ್ಪನ ಬರಿಗರಟ

ಆಗ ಹೊಳೆಗೆ ಸೇತುವೆ ಇರಲಿಲ್ಲ, ದೇವಾಲಯಕ್ಕೆ ಗೋಪುರ ಇರಲಿಲ್ಲ, ಗಂಟೆಯನ್ನು ಹುಣಸೆಮರದ ಕೊಂಬೆಗೆ ಕಟ್ಟಿ ಬಾರಿಸುತ್ತಿದ್ದರಂತೆ. ಆ ಕಾಲದಲ್ಲಿ ಶಿಲುಬೆದಿನ್ನೆ ಅಂತ ಒಂದೂರು. ಯಾವ ದೊರೆಯ ಕಾಲ ಅಂತ ಮಾತ್ರ ಕೇಳಬೇಡಿ. ನನಗೆ ಹೇಳಿದ ಅಜ್ಜಿಗೂ ಅದು ಗೊತ್ತಿರಲಿಲ್ಲ, ಅಜ್ಜಿಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟು: ಆ ಊರಲ್ಲಿ ಸಂದ್ಯಾಗಪ್ಪ ಅನ್ನುವವನೊಬ್ಬ ಇದ್ದ, ದೇವರ ಪಟ ಬರೆಯುತ್ತಿದ್ದ.

ಅವನ ಕೈಗುಣದ ಬಗ್ಗೆ ಕಥೆಗಳಿಗೇನು ಬರವಿಲ್ಲ. ಅವನು ಬರೆದ ಸಂತ ಅಂತೋಣಿಯವರ ಪಟದಲ್ಲಿ ರೊಟ್ಟಿಯಿತ್ತಲ್ಲ, ಆ ರೊಟ್ಟಿಗೆ ಇರುವೆ ಮುತ್ತುತ್ತಿತ್ತು ಅಂತಾರೆ. ಅವನು ಬರೆದ ಕೂಸು ಯೇಸುವನ್ನು ನೋಡಿ ಬಾಣಂತಿಯರ ಎದೆಯಲ್ಲಿ ಹಾಲು ಉಕ್ಕುತ್ತಿತ್ತು ಅಂತಾರೆ. ಹುಣಸೆಬೀಜದ ಸರಿ ಹಚ್ಚಿದ ಹಲಗೆಗೆ ಇರುವೆ ಬರುವುದು ಏನು ದೊಡ್ಡ ಪವಾಡ ಅಂತ ಅವನ ಹೆಂಡತಿ ಆರೋಗ್ಯಮ್ಮ ಅನ್ನುತ್ತಿದ್ದಳಂತೆ. ಹೆಂಡತಿಯ ಮಾತನ್ನು ಇಂಥ ಕಥೆಯಲ್ಲಿ ಯಾರೂ ಸೇರಿಸುವುದಿಲ್ಲ. ನಾನು ಸೇರಿಸುತ್ತೇನೆ, ಯಾಕೆಂದರೆ ಮುಂದೆ ಅವಳ ಮಾತೇ ಬೇಕಾಗುತ್ತದೆ.

ಪಟ ಬರೆಯುವುದು ಸಂದ್ಯಾಗಪ್ಪನಿಗೆ ಬರೀ ಕೆಲಸವಲ್ಲ, ವ್ರತ. ಹಲಸಿನ ಹಲಗೆಯನ್ನು ನೆರಳಲ್ಲಿ ಒಣಗಿಸುತ್ತಿದ್ದ. ಹಲಗೆಯ ಮೇಲೆ ಹಳೆಯ ಬಟ್ಟೆ, ಬಟ್ಟೆಯ ಮೇಲೆ ಹುಣಸೆಬೀಜದ ಸರಿ, ಸರಿಯ ಮೇಲೆ ಶಂಖದ ಪುಡಿ. ಒಂದು ಒಣಗಿದ ಮೇಲೆ ಇನ್ನೊಂದು, ಅವಸರ ಮಾಡುವಂತಿಲ್ಲ. ನುಣುಪು ಕಲ್ಲಿನಲ್ಲಿ ತಿಕ್ಕಿ ತಿಕ್ಕಿ ಹಲಗೆ ಕೂಸಿನ ಕೆನ್ನೆಯ ಹಾಗಾಗಬೇಕು. ಆಮೇಲೆ ಬಣ್ಣ ಅರೆಯುವುದು. ಇಂಗಳೀಕದ ಕೆಂಪು, ಹರಿದಾಳದ ಹಳದಿ, ನೀಲಿಗಿಡದ ನೀಲಿ. ಅರೆಯುವ ಗುಂಡು ಒಂದು ಸುತ್ತು ಬಂದರೆ ಒಂದು ‘ನಮೋ ಮರಿಯಾ’. ಜಪ ತಪ್ಪಿದರೆ ಬಣ್ಣ ತರಿತರಿಯಾಗುತ್ತದೆ ಅಂತ ಅವನ ನಂಬಿಕೆ. ಪಟ ಕೈಯಲ್ಲಿರುವಷ್ಟು ಕಾಲ ಒಪ್ಪೊತ್ತು ಊಟ, ಚಾಪೆಯ ಮೇಲೆ ನಿದ್ದೆ, ಬಾಯಲ್ಲಿ ಬಿರುಸು ಮಾತಿಲ್ಲ. ಯಾರ ಮೇಲಾದರೂ ಸಿಟ್ಟು ಬಂತೋ, ಕುಂಚ ಕೆಳಗಿಡಬೇಕು. ಎದ್ದು ಹೋಗಿ ಆ ಮನುಷ್ಯನ ಹತ್ತಿರ ಮಾತಾಡಿ, ಮನಸ್ಸು ತಿಳಿಯಾದ ಮೇಲೆ ಬಂದು ಕುಂಚ ಮುಟ್ಟಬೇಕು. ಇದು ಅವನ ಅಪ್ಪ ಕಲಿಸಿದ ಪಾಠ, ಅಪ್ಪನಿಗೆ ಅವನ ಅಪ್ಪ ಕಲಿಸಿದ್ದು.

ಕಣ್ಣು ಎಲ್ಲಕ್ಕಿಂತ ಕೊನೆಗೆ. ಕಣ್ಣಿನ ಕರಿಯನ್ನು ಸಂತೆಯಿಂದ ತರುವಂತಿಲ್ಲ, ಸ್ವಂತ ಮನೆಯದೊಂದೇ ಆದರೂ ಸಾಲದು. ಸಂದ್ಯಾಗಪ್ಪ ಒಂದು ತೆಂಗಿನ ಕರಟ ಹಿಡಿದು ಊರಿನ ಮನೆಮನೆಗೂ ಹೋಗುತ್ತಿದ್ದ. ಬಾಗಿಲಲ್ಲಿ ನಿಂತು, ನನ್ನಿಂದ ನೋವಾಗಿದ್ದರೆ ಕ್ಷಮಿಸಿ, ನಿಮ್ಮ ದೀಪದ ಮಸಿ ಒಂದು ಚಿಟಿಕೆ ಕೊಡಿ ಅಂತ ಕೇಳುತ್ತಿದ್ದ. ಸಂಜೆ ಜಪಕ್ಕೆ ಹಚ್ಚುವ ದೀಪದ ಮಸಿ. ಮನಸ್ಸಿನಲ್ಲಿ ಮುಳ್ಳಿಟ್ಟುಕೊಂಡು ಯಾರೂ ಅದನ್ನು ಕೊಡುವಂತಿಲ್ಲ. ಕೊಟ್ಟರೆ ಕ್ಷಮಿಸಿದ ಹಾಗೆ. ಎಲ್ಲ ಮನೆಯ ಮಸಿಯೂ ಸೇರಿದರೆ ಮಾತ್ರ ಪಟದ ಕಣ್ಣು ಎಲ್ಲ ಮನೆಯನ್ನೂ ನೋಡುತ್ತದೆ, ಹಾಗಂತಾರೆ.

ಇಷ್ಟು ಕಟ್ಟುನಿಟ್ಟಿನ ಮನುಷ್ಯ ತಪ್ಪಿದ್ದು ಎಲ್ಲಿ ಅಂತ ಈಗ ಹೇಳುತ್ತೇನೆ.

ಅದೇ ಊರಲ್ಲಿ ಚೌರಪ್ಪ ಅಂತ ಒಬ್ಬ ಕಮ್ಮಾರನಿದ್ದ. ಸಂದ್ಯಾಗಪ್ಪನಿಗಿಂತ ಸ್ವಲ್ಪ ಹಿರಿಯ. ಎಡಚ. ಎಡಗೈಯಲ್ಲಿ ಸುತ್ತಿಗೆ ಎತ್ತಿದರೆ ದಿನ್ನೆಯ ಆಚೆಗೂ ಕೇಳುತ್ತಿತ್ತಂತೆ. ಬಾಯಿಯೂ ಹಾಗೇ ದೊಡ್ಡದು. ಸತ್ತ ಮನೆಯಲ್ಲೂ ನಗಿಸುವವನು, ನಗಿಸಿ ಆಮೇಲೆ ತಾನೇ ಅಳುವವನು. ಅವನ ಕುಲುಮೆಯ ಮುಂದೆ ಕೆಲಸ ಇದ್ದವರೂ ಕೂರುತ್ತಿದ್ದರು, ಇಲ್ಲದವರೂ ಕೂರುತ್ತಿದ್ದರು.

ಒಂದು ವರ್ಷ ಊರಿನವರೆಲ್ಲ ಸೇರಿ ಸಂದ್ಯಾಗಪ್ಪನಿಂದ ದೊಡ್ಡ ಪಟವೊಂದನ್ನು ಬರೆಸಿದರು. ಯೇಸುಸ್ವಾಮಿಯನ್ನು ಶಿಲುಬೆಗೆ ಜಡಿಯುವ ಪಟ. ಮರದ ಮೇಲೆ ಮಲಗಿದ ಸ್ವಾಮಿ, ಚಾಚಿದ ಕೈ, ಆ ಕೈಗೆ ಮೊಳೆ ಹೊಡೆಯುತ್ತಿರುವ ಒಬ್ಬ ಆಳು. ಪಟ ಮುಕ್ಕಾಲು ಮುಗಿದಾಗ ಜನ ನೋಡಲು ಬಂದರು. ಅಬ್ಬಾ ಅಂದವರು ಕೆಲವರು, ಶಿಲುಬೆಯ ಗುರುತು ಹಾಕಿಕೊಂಡವರು ಕೆಲವರು. ಚೌರಪ್ಪನೂ ಬಂದ. ತಲೆ ಓರೆ ಮಾಡಿ ನೋಡಿದ.

“ಲೋ ಸಂದ್ಯಾಗ, ಈವಯ್ಯ ಸುತ್ತಿಗೆ ಹಿಡ್ದಿರೋ ಹಂಗೆ ಹೊಡುದ್ರೆ ಮೊಳೆ ಇಳಿಯಾಕಿಲ್ಲ ಕಣೋ, ಅವ್ನ ಬೆರ್ಳೇ ಜಜ್ಜೋಯ್ತದೆ. ಸ್ವಾಮಿ ಬಚಾವಾದ್ರು ಬುಡು.”

ಎಲ್ಲರೂ ಗೊಳ್ಳೆಂದು ನಕ್ಕರು. ಸಂದ್ಯಾಗಪ್ಪನೂ ನಕ್ಕ. ಆದರೆ ಹೊಗಳಿಕೆ ಕೇಳಿ ಕೇಳಿ ಬೆಳೆದ ಕಿವಿ ಅದು. ಮುಖ ನಕ್ಕಿತು, ಒಳಗೆ ಉರಿಯಿತು. ಅಪ್ಪನ ಮಾತಿನ ಪ್ರಕಾರ ಆಗಲೇ ಕುಂಚ ಕೆಳಗಿಡಬೇಕಿತ್ತು. ಇಡಲಿಲ್ಲ.

ಮಾರನೆಯ ದಿನ ಅವನೇ ಕುಲುಮೆಗೆ ಹೋಗಿ, ಚೌರಣ್ಣ, ಸುತ್ತಿಗೆ ಹಿಡಿಯುವುದು ಹೇಗೆ ತೋರಿಸು ಅಂದ. ಚೌರಪ್ಪನಿಗೆ ಎಲ್ಲಿಲ್ಲದ ಹಿಗ್ಗು. ದೇವರ ಪಟಕ್ಕೆ ತನ್ನ ಕೈ ಬೇಕಾಯಿತಲ್ಲ ಅಂತ. ಇದ್ದ ಕೆಲಸವನ್ನೆಲ್ಲ ಬದಿಗಿಟ್ಟು, ಮುಖ ತೊಳೆದು, ಸುತ್ತಿಗೆ ಎತ್ತಿ ಬೆಳಗಿನಿಂದ ಮಧ್ಯಾಹ್ನದವರೆಗೆ ಅಲುಗಾಡದೆ ನಿಂತ. ಕೈ ಸೋತು ನಡುಗಿದರೂ ಇಳಿಸಲಿಲ್ಲ ಅಂತಾರೆ. ಬರೀ ಕೈ ಬರೆಯುವುದಕ್ಕೆ ನಿಂತಿದ್ದೇನೆ ಅಂತ ಅವನು ತಿಳಿದಿದ್ದ.

ಸಂದ್ಯಾಗಪ್ಪ ಕೈಯನ್ನೂ ಬರೆದ, ಮುಖವನ್ನೂ ಬರೆದ.

ಪಟ ಸತ್ಯವಾಗಿರಬೇಕು, ಅದಕ್ಕೇ ಹಾಗೆ ಬರೆದೆ ಅಂತ ಅವನು ತನಗೆ ತಾನೇ ಹೇಳಿಕೊಂಡ. ಎಡಗೈ, ಅಗಲವಾದ ಹಣೆ, ಗಲ್ಲದ ಮೇಲಿನ ಸುಟ್ಟ ಗಾಯ, ಒಂದೂ ಬಿಡಲಿಲ್ಲ. ಆಮೇಲೆ ಸ್ವಾಮಿಯ ಕಣ್ಣಿಗಾಗಿ ಕರಟ ಹಿಡಿದು ಹೊರಟ. ಚೌರಪ್ಪನ ಮನೆಗೂ ಹೋದ. ಚೌರಪ್ಪ ಚಿಟಿಕೆಯಲ್ಲ, ಬೊಗಸೆ ತುಂಬ ಮಸಿ ತಂದ. ಹಾಗಾಗಿ ಆ ಪಟದಲ್ಲಿ ಸ್ವಾಮಿಯ ಕಣ್ಣಲ್ಲಿ ಹೆಚ್ಚಿಗೆ ಇದ್ದದ್ದು ಚೌರಪ್ಪನ ಮನೆಯ ಮಸಿಯೇ. 

ಪಟ ದೇವಾಲಯದ ಗೋಡೆಗೇರಿತು. ಮೊದಲ ಭಾನುವಾರ ಜನ ಪಟ ನೋಡಿದರು, ಚೌರಪ್ಪನನ್ನು ನೋಡಿದರು, ಮತ್ತೆ ಪಟ ನೋಡಿದರು. ಕಿಸಕ್ ಅಂದವರಿದ್ದರು. ಚೌರಪ್ಪನ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಆದರೂ ಬಿಟ್ಟುಕೊಡಲಿಲ್ಲ.

“ಬುಡ್ರಪ್ಪ, ಸ್ವಾಮಿ ಪಕ್ಕದಲ್ಲೇ ಜಾಗ ಸಿಕ್ತು ನಂಗೆ,” ಅಂದ. ಸಂದ್ಯಾಗಪ್ಪನ ಕಡೆ ತಿರುಗಿ ನೋಡಿದ. ಸಂದ್ಯಾಗಪ್ಪ ಅಷ್ಟರಲ್ಲಿ ಯಾರದೋ ಹೊಗಳಿಕೆಗೆ ತಲೆದೂಗುತ್ತಿದ್ದ.

ಶಿಲುಬೆಯ ಮೇಲೆ ಸ್ವಾಮಿ ಸತ್ತದ್ದನ್ನು ನೆನೆಯುವ ಶುಭ ಶುಕ್ರವಾರದವರೆಗೆ ನಗು ಇತ್ತು. ಆ ದಿನ ಹೊಟ್ಟೆಗಿಲ್ಲದೆ, ಸ್ವಾಮಿ ಪಟ್ಟ ಪಾಡುಗಳ ಹಾಡು ಹಾಡುತ್ತ, ಎದೆ ಎದೆ ಬಡಿದುಕೊಳ್ಳುತ್ತ ಊರಿಗೆ ಊರೇ ಪಟದ ಮುಂದೆ ನಿಂತಿತು. ಕತರೀನಮ್ಮ ಅನ್ನುವ ಮುದುಕಿ, ಜಪಸರ ಕೈಬಿಡದ ಭಕ್ತೆ, ಅಳುತ್ತಳುತ್ತ ಪಕ್ಕಕ್ಕೆ ತಿರುಗಿದಳು. ಪಕ್ಕದಲ್ಲಿ ಚೌರಪ್ಪ ಮೊಣಕಾಲೂರಿದ್ದ. ಅವಳು ತನ್ನ ಸೆರಗನ್ನು ಸರಕ್ಕನೆ ಎಳೆದುಕೊಂಡಳು. ಅಷ್ಟೇ ಆದದ್ದು. ಆದರೆ ಅದನ್ನು ಎಲ್ಲರೂ ನೋಡಿದರು.

ಅಲ್ಲಿಂದ ಶುರುವಾಯಿತು. ನೇಗಿಲ ಗುಳಕ್ಕೆ, ಕುಡುಗೋಲಿಗೆ ಚೌರಪ್ಪ ಬೇಕು. ತೊಟ್ಟಿಲ ಕೊಂಡಿಗೆ ಬೇಡ, ಮದುವೆ ಮನೆಯ ಬಾಗಿಲ ಚಿಲಕಕ್ಕೆ ಬೇಡ, ಶವಪೆಟ್ಟಿಗೆಯ ಮೊಳೆಗಂತೂ ಬೇಡವೇ ಬೇಡ. ಹೊಟ್ಟೆಯ ಕೆಲಸಕ್ಕೆ ಅವನ ಕೈ ಆಗುತ್ತದೆ, ಶುಭಕ್ಕೆ ಆಗುವುದಿಲ್ಲ. ನಮ್ಮ ಜನ ನೋಡಿ, ಹೀಗೆ. ಮಕ್ಕಳು ಅವನನ್ನು ‘ಮೊಳೆಯಪ್ಪ’ ಅಂದರು. ದೊಡ್ಡವರು ಮಕ್ಕಳನ್ನು ಗದರಲಿಲ್ಲ. ಕುಲುಮೆಯ ಮುಂದೆ ಕೂರುವವರು ಕಡಿಮೆಯಾದರು. ಚೌರಪ್ಪ ಪೂಜೆಗೆ ಬಂದರೆ ಒಳಗೆ ಬರದೆ ಹುಣಸೆಮರದ ಕೆಳಗೆ ನಿಲ್ಲತೊಡಗಿದ. ಆಮೇಲೆ ಅಲ್ಲಿಗೂ ಬರಲಿಲ್ಲ.

ಪಟದ ಮೇಲೆಯೂ ಜನ ಭಕ್ತಿ ತೋರಿಸಿದರು. ಮೊಳೆ ಹೊಡೆಯುವವನ ಮುಖಕ್ಕೆ ಉಗಿದರು, ಸೊಂಟದ ಬೀಗದಕೈಯಿಂದ ಗೀಚಿದರು. ಒಂದು ದಿನ ಕತರೀನಮ್ಮ ಸೂಜಿ ತೆಗೆದು ಆ ಮುಖದ ಬಲಗಣ್ಣನ್ನೇ ಕೆರೆದುಹಾಕಿದಳು. ಸಂದ್ಯಾಗಪ್ಪ ಅಲ್ಲೇ ಇದ್ದ, ನೋಡಿದ. ಬೇಡಮ್ಮ ಅನ್ನಲಿಲ್ಲ. ನಾನು ಬರೆದ ಪಟ ಜನರ ಕರುಳನ್ನು ಹೀಗೆ ಹಿಂಡುತ್ತಿದೆಯಲ್ಲ ಅಂತ ಅವನಿಗೆ ಒಳಗೊಳಗೆ ಸಂತೋಷವಾಯಿತಂತೆ. ಮುಂದೆ ಬದುಕಿರುವವರೆಗೂ ಅವನು ನಾಚಿದ್ದು ಬೇರೆ ಯಾವುದಕ್ಕೂ ಅಲ್ಲ, ಆ ಸಂತೋಷಕ್ಕೆ.

ಆಮೇಲೆ ಒಂದು ಬೇಸಿಗೆಯಲ್ಲಿ ಕಾದ ಕಬ್ಬಿಣದಿಂದ ಕಿಡಿ ಹಾರಿ ಚೌರಪ್ಪನ ಬಲಗಣ್ಣು ಹೋಯಿತು.

ದೇವರಿಗೆ ಕಣ್ಣಿದೆ ಅಂತ ಊರು ಅಂದಿತು. ಸಂದ್ಯಾಗಪ್ಪ ಆ ಮಾತು ಕೇಳಿಸಿಕೊಂಡು ಮನೆಗೆ ಬಂದು ಊಟಕ್ಕೆ ಕೂತ. ಆರೋಗ್ಯಮ್ಮ ಮುದ್ದೆ ಬಡಿಸಲಿಲ್ಲ.

“ಮೊಳೆ ಹೊಡ್ಯೋನು ಚೌರಣ್ಣ ಅಲ್ಲ, ಆ ಮಕ ನಾನು ಸಿಟ್ನಲ್ಲಿ ಬರ್ದಿದ್ದು ಅಂತ ನೀವೊಂದು ಮಾತು ಹೇಳಿದ್ರೆ ಆಗ್ತಿತ್ತು,” ಅಂದಳು. “ಈಗ್ಲೂ ಆಯ್ತದೆ. ಎದ್ದೋಗಿ ಹೇಳಿ ಬನ್ನಿ, ಬಡಿಸ್ತೀನಿ.”

ಅವನು ಎದ್ದು ಹೋದ. ಹೇಳಲು ಹೋಗಲಿಲ್ಲ, ಹೊಳೆ ದಡಕ್ಕೆ ಹೋಗಿ ಕೂತು ಹಸಿದುಕೊಂಡು ಬಂದ. ಹೇಳಿದರೆ ಪಟದ ಸಂದ್ಯಾಗಪ್ಪ ಅನ್ನುವ ಹೆಸರು ಏನಾಗಬೇಕು ಅಂತ ಅವನ ಭಯ.

ಕಾಲ ಹೋಯಿತು. ದೇವಾಲಯದ ಹುಲ್ಲಿನ ಮಾಡು ತೆಗೆದು ಹೆಂಚು ಹೊದಿಸಿದರು. ಹೊಸ ದೇವಾಲಯಕ್ಕೆ ವ್ಯಾಕುಲ ಮಾತೆಯ, ಅಂದರೆ ಮಗನಿಗಾಗಿ ಅಳುವ ಮರಿಯಮ್ಮನ ಪಟ ಬೇಕು, ಆ ಮಾತೆಯ ಹಬ್ಬಕ್ಕೆ ಅದನ್ನು ಪೀಠದ ಮೇಲೆ ಇಡಬೇಕು ಅಂತ ಗುರುಗಳು ಸಂದ್ಯಾಗಪ್ಪನನ್ನು ಕರೆಸಿದರು. ಗುರುಗಳೆಂದರೆ ಊರಿನ ಪಾದ್ರಿ, ಮೂರು ಹಳ್ಳಿಗೆ ಒಬ್ಬರೇ, ಎತ್ತಿನ ಗಾಡಿಯಲ್ಲಿ ಬಂದು ಪೂಜೆ ಮಾಡಿ ಹೋಗುತ್ತಿದ್ದವರು.

ಸಂದ್ಯಾಗಪ್ಪ ಎಂದೂ ಬರೆಯದ ಹಾಗೆ ಬರೆದ. ಒಪ್ಪೊತ್ತಿನ ಊಟವನ್ನೂ ಬಿಟ್ಟು ಗಂಜಿಗೆ ಇಳಿದ. ಬಣ್ಣ ಅರೆಯುವ ಜಪ ಅಂಗಳದವರೆಗೆ ಕೇಳುತ್ತಿತ್ತು. ಮಾತೆಯ ನೀಲಿ ಸೆರಗಿನ ಒಂದೊಂದು ನೆರಿಗೆಗೂ ಒಂದೊಂದು ಪ್ರಾರ್ಥನೆ. ಚಿನ್ನದ ರೇಕು ಅಂಟಿಸುವಾಗ ಉಸಿರು ತಾಗಿ ಹಾರೀತೆಂದು ಬಾಯಿಗೆ ಬಟ್ಟೆ ಕಟ್ಟಿಕೊಂಡ. ಮಗನನ್ನು ಕಳೆದುಕೊಂಡ ತಾಯಿಯ ಬಾಯಿ ಹೇಗಿರುತ್ತದೆ, ಅದನ್ನು ಬರೆದ. ಅಳುತ್ತ ಬರೆದ ಅಂತಾರೆ. ನಾನು ನಂಬುತ್ತೇನೆ. ಮನುಷ್ಯ ಒಂದು ಕಡೆ ನಿಜವಾಗಿ ಅತ್ತು ಇನ್ನೊಂದು ಕಡೆ ಸುಳ್ಳಾಗಿ ಇರಬಲ್ಲ.

ಕಣ್ಣಿನ ದಿನ ಬಂತು. ಕರಟ ಹಿಡಿದು ಹೊರಟ. ಮೇಲುಕೇರಿಗೆ ಹೋದ, ಕೆಳಗಿನ ಕೇರಿಗೆ ಹೋದ. ನನ್ನಿಂದ ನೋವಾಗಿದ್ದರೆ ಕ್ಷಮಿಸಿ ಅಂದ. ನಿನ್ನಿಂದ ಎಂಥ ನೋವಪ್ಪ ಅಂತ ಎಲ್ಲರೂ ಕೊಟ್ಟರು. ಕತರೀನಮ್ಮ ಕಣ್ಣಿಗೊತ್ತಿಕೊಂಡು ಕೊಟ್ಟಳು. ಕುಲುಮೆಯ ತಿರುವಿನವರೆಗೆ ಬಂದ. ಸುತ್ತಿಗೆಯ ಸದ್ದು ಕೇಳಿತು. ಅಲ್ಲಿಂದ ತಿರುಗಿ ಮನೆಗೆ ಬಂದ. ಒಂದು ಮನೆಯ ಮಸಿ ಕಡಿಮೆಯಾದರೆ ಏನಾಯಿತು, ನಮ್ಮ ಮನೆಯ ದೀಪದ್ದೇ ಎರಡು ಚಿಟಿಕೆ ಹಾಕಿದರಾಯಿತು ಅಂತ ಹಾಕಿ, ಬೇಲದ ಅಂಟು ಕಲಸಿ, ಎರಡೂ ಕಣ್ಣು ಬರೆದ.

ಮಾರನೆಯ ದಿನ ನೋಡಿದರೆ ಮಾತೆಯ ಎಡಗಣ್ಣು ಇದೆ. ಬಲಗಣ್ಣಿನ ಕರಿ ಹಪ್ಪಳದ ಹಾಗೆ ಎದ್ದು ಪುಡಿಯಾಗಿ ಹಲಗೆಯ ಅಂಚಿಗೆ ಬಿದ್ದಿದೆ.

ಅಂಟು ಸಾಲದು ಅಂತ ಮತ್ತೆ ಬರೆದ. ಮತ್ತೆ ಬಿತ್ತು. ಶಂಖದ ಪುಡಿಯನ್ನು ಕೆರೆದು, ಹೊಸದಾಗಿ ಹಚ್ಚಿ, ಉಪವಾಸವಿದ್ದು ಬರೆದ. ಬಿತ್ತು. ಅಂಟು ಕಡಿಮೆಯಾಗಿತ್ತು ಅಂತ ಈಗಲೂ ಬುದ್ಧಿವಂತರು ಹೇಳುತ್ತಾರೆ. ಹೇಳಲಿ. ಅದೇ ಮಸಿ, ಅದೇ ಅಂಟು, ಅದೇ ಅಳಿಲಿನ ಬಾಲದ ಕುಂಚ, ಎಡಗಣ್ಣು ಯಾಕೆ ನಿಂತಿತು ಅಂದರೆ ಅವರ ಹತ್ತಿರ ಉತ್ತರವಿಲ್ಲ. ಸಂದ್ಯಾಗಪ್ಪನ ಹತ್ತಿರ ಇತ್ತು. ಆ ಬಿಳಿಯ ಬಲಗಣ್ಣನ್ನು ಅವನು ಮೊದಲೇ ನೋಡಿದ್ದ, ಒಮ್ಮೆ ಗೋಡೆಯ ಮೇಲೆ, ಒಮ್ಮೆ ಕುಲುಮೆಯಲ್ಲಿ.

ಆರೋಗ್ಯಮ್ಮ ಕರಟ ತೊಳೆದು ಅವನ ಕೈಗೆ ಕೊಟ್ಟಳು.

ನಡುಮಧ್ಯಾಹ್ನ, ಊರೆಲ್ಲ ನೋಡುತ್ತಿದ್ದಂತೆ ಅವನು ಕುಲುಮೆಗೆ ಹೋದ. ಚೌರಪ್ಪ ಗುಳ ಬಡಿಯುತ್ತಿದ್ದ. ನಿಂತದ್ದು ಗೊತ್ತಾದರೂ ತಲೆ ಎತ್ತಲಿಲ್ಲ. ಕಬ್ಬಿಣ ತಣ್ಣಗಾಗುವವರೆಗೆ ಬಡಿದು, ಆಮೇಲೆ ಒಂದೇ ಕಣ್ಣಲ್ಲಿ ಕರಟವನ್ನು ನೋಡಿದ. ಸಂದ್ಯಾಗಪ್ಪ ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದ.

“ಕೇಳ್ಬ್ಯಾಡ ಕಣೋ ಸಂದ್ಯಾಗ. ನೀನು ಕೇಳುದ್ರೆ ನಾನು ಕೊಡ್ಬೇಕಾಯ್ತದೆ, ಸ್ವಾಮಿ ಹಂಗೇ ಹೇಳವ್ರೆ. ನಂಗೆ ಇನ್ನೂ ಕೊಡಾಕೆ ಆಗಾಕಿಲ್ಲ. ಸುಳ್ಳು ಸುಳ್ಳೇ ಕೊಟ್ರೆ ಆ ತಾಯಿ ಕಣ್ಣು ಮತ್ತೆ ಬೀಳ್ತದೆ.”

ಸಂದ್ಯಾಗಪ್ಪ “ಚೌರಣ್ಣ” ಅಂದ.

“ನನ್ ಹೆಂಡ್ರು ಸಾಯೋ ಮುಂಚೆ ಏನ್ ಕೇಳುದ್ಲು ಗೊತ್ತಾ? ನನ್ ಪೆಟ್ಗೆಗೆ ನೀನೇ ಮೊಳೆ ಹೊಡಿ, ಬ್ಯಾರೆಯೋರು ಬ್ಯಾಡ ಅಂದ್ಲು. ಊರೋರು ಹೊಡಿಯಾಕೆ ಬುಡ್ಲಿಲ್ಲ. ಆವತ್ತು ನೀನೂ ಅಲ್ಲೇ ನಿಂತಿದ್ದೆ.”

ಹೌದು, ನಿಂತಿದ್ದ. ಮಣ್ಣಿಗೂ ಬಂದಿದ್ದ.  ಕಾಲಡಿಯ ನೆಲ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದೆ ಅಂತ ಆಮೇಲೆ ಹೆಂಡತಿಯ ಹತ್ತಿರ ಹೇಳಿಕೊಂಡನಂತೆ. ಬರಿಗರಟ ಹಿಡಿದು ಅದೇ ಬೀದಿಯಲ್ಲಿ ವಾಪಸು ಬಂದ. ಜಗಲಿಯ ಮೇಲಿದ್ದವರೆಲ್ಲ ಕರಟದೊಳಗೆ ಇಣುಕಿದರು.

ಹಬ್ಬದ ಭಾನುವಾರ ಪೂಜೆ ಮುಗಿದು ಗುರುಗಳು ಆಶೀರ್ವಾದ ಕೊಟ್ಟರು. ಯಾರೂ ಏಳುವುದಕ್ಕೆ ಮುಂಚೆ ಸಂದ್ಯಾಗಪ್ಪ ಎದ್ದ. ಬಣ್ಣದ ಬಟ್ಟಲುಗಳನ್ನು ತಂದಿದ್ದ. ಶಿಲುಬೆಗೆ ಜಡಿಯುವ ಪಟದ ಮುಂದೆ ನಿಂತು, ಒದ್ದೆ ಬಟ್ಟೆಯಿಂದ ಮೊದಲು ಜನರ ಉಗುಳನ್ನು ಒರೆಸಿದ. ಆಮೇಲೆ ಎಡಗೈಯನ್ನು ಅಳಿಸಿ ಬಲಗೈ ಬರೆದ. ಅಗಲ ಹಣೆಯನ್ನು ಕಿರಿದು ಮಾಡಿದ. ಗಲ್ಲದ ಗಾಯ ಮುಚ್ಚಿದ. ಕೊನೆಗೆ ಆ ಮುಖದ ಕೆನ್ನೆಯ ಮೇಲೆ ಒಂದು ಕರಿಯ ಮಚ್ಚೆ ಇಟ್ಟ. ಆ ಮಚ್ಚೆ ಊರಲ್ಲಿ ಒಬ್ಬನಿಗೇ ಇತ್ತು, ಅವನು ಕುಂಚ ಹಿಡಿದು ಅಲ್ಲೇ ನಿಂತಿದ್ದ.

ಚೌರಣ್ಣ ಸುತ್ತಿಗೆ ಎತ್ತಿ ನಿಂತದ್ದು ದೇವರ ಕೆಲಸ ಅಂತ ನಂಬಿ, ನಾನು ಅವನ ಮುಖ ಬರೆದದ್ದು ನನ್ನ ಸಿಟ್ಟಿಗೆ, ಅದು ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ ಅಂತ ಎಲ್ಲರ ಮುಂದೆ ಹೇಳಿದ. ಗುರುಗಳು ತಲೆ ತಗ್ಗಿಸಿದರು. ಇಷ್ಟು ವರ್ಷ ಆ ಮುಖಕ್ಕೆ ಉಗಿದವರಿಗೆ ಈಗ ಗಂಟಲು ಒಣಗಿತು. ಕತರೀನಮ್ಮ ಗೋಡೆ ಹಿಡಿದು ಕೂತುಬಿಟ್ಟಳು. ಪೀಠದ ಮೇಲೆ ವ್ಯಾಕುಲ ಮಾತೆ ಒಂದು ಕಣ್ಣಲ್ಲಿ ನೋಡುತ್ತಿದ್ದಳು, ಇನ್ನೊಂದು ಬೆಳ್ಳಗಿತ್ತು. ಹಬ್ಬ ಹಾಗೇ ಆಯಿತು.

ಊರು ಸುಮ್ಮನಿರಲಿಲ್ಲ. ಒಂದು ಹುಂಜ, ಒಂದು ಬುಟ್ಟಿ ಅಕ್ಕಿ, ಎಲೆ ಅಡಿಕೆ ಹಿಡಿದು ದಂಡು ಕಟ್ಟಿಕೊಂಡು ಕುಲುಮೆಗೆ ಹೋಯಿತು. ಏನೋ ಆಗಿಹೋಯ್ತು, ಮನಸ್ಸಿನಲ್ಲಿ ಇಟ್ಕೋಬೇಡ ಅಂದರು. ಚೌರಪ್ಪ ಹುಂಜವನ್ನು ಇಸಿದುಕೊಂಡ, ಬನ್ನಿ ಕೂತ್ಕೊಳ್ಳಿ ಅನ್ನಲಿಲ್ಲ. ಊರಿನವರು ಲೆಕ್ಕ ಮುಗಿಯಿತು ಅಂತ ಮನೆಗೆ ಬಂದು ನೆಮ್ಮದಿಯಾಗಿ ಉಂಡರು.

ಸಂದ್ಯಾಗಪ್ಪ ಆ ದಂಡಿನಲ್ಲಿ ಇರಲಿಲ್ಲ. ಶುಭ ಶುಕ್ರವಾರಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಬಂದಾಗ, ಅದರ ಮೊದಲ ದಿನ ಬೂದಿ ಬುಧವಾರದ ಪೂಜೆ ಮುಗಿಸಿ ಒಬ್ಬನೇ ಕುಲುಮೆಗೆ ಹೋದ. ಬರಿಗರಟವನ್ನು ಹೊಸಿಲ ಮೇಲಿಟ್ಟ. ಏನೂ ಕೇಳಲಿಲ್ಲ, ಬಂದುಬಿಟ್ಟ. ಶುಭ ಶುಕ್ರವಾರದ ಹಿಂದಿನ ದಿನ ಹೋಗಿ ನೋಡಿದರೆ ಕರಟ ಬೀದಿಯ ಧೂಳಿನಲ್ಲಿ ಬಿದ್ದಿತ್ತು. ಎತ್ತಿಕೊಂಡು ಬಂದ. ಮುಂದಿನ ವರ್ಷ ಮತ್ತೆ ಇಟ್ಟ. ಆ ಸಲ ಹೊಸಿಲ ಮೇಲೇ ಇತ್ತು, ಬೋರಲಾಗಿ. ಅದರ ಮುಂದಿನ ವರ್ಷವೂ ಬೋರಲು. ಒಂದು ವರ್ಷ ಬೋರಲಿರಲಿಲ್ಲ, ಅಂಗಾತ ಇತ್ತು, ಬರಿದಾಗಿತ್ತು ಅಷ್ಟೇ. ಆ ದಿನ ಸಂದ್ಯಾಗಪ್ಪ ಮನೆಗೆ ಬಂದು ಆರೋಗ್ಯಮ್ಮನಿಗೆ ಕರಟ ಹೇಗಿತ್ತು ಅಂತ ಕೈ ಮಾಡಿ ಮಾಡಿ ತೋರಿಸಿದನಂತೆ, ಮಗಳಿಗೆ ಗಂಡು ಗೊತ್ತಾದವನ ಹಾಗೆ.

ಎಷ್ಟು ವರ್ಷ ಇಟ್ಟ ಅಂತ ಯಾರಿಗೂ ಗೊತ್ತಿಲ್ಲ. ನಡುವೆ ಕೆಲವರು ಬೇರೆ ಊರಿನ ಪಟದವನನ್ನು ಕರೆಸಿ ಮಾತೆಯ ಕಣ್ಣು ಬರೆಸಿಬಿಡೋಣ, ನೋಡಲಾಗುವುದಿಲ್ಲ ಅಂದರು. ನೋಡಲಾಗದಿದ್ದರೆ ಒಳ್ಳೆಯದೇ, ಹಾಗೇ ಇರಲಿ ಅಂದರಂತೆ ಗುರುಗಳು. ಸಂದ್ಯಾಗಪ್ಪ ಅದಾದ ಮೇಲೆ ಬೇರೆ ಪಟ ಮುಟ್ಟಲಿಲ್ಲ. ಬೇಲಿ ಕಟ್ಟುವ ಕೂಲಿಗೆ ಹೋದ, ಸುಣ್ಣ ಬಳಿದ. ದೇವಾಲಯಕ್ಕೆ ಬಂದರೆ ಹುಣಸೆಮರದ ಕೆಳಗೆ, ಚೌರಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲುತ್ತಿದ್ದ. ತಲೆ ನರೆಯಿತು. ಕೈ ನಡುಗಲು ಶುರುವಾಯಿತು, ಗಂಜಿಯ ಬಟ್ಟಲು ಹಿಡಿದರೆ ಅರ್ಧ ಚೆಲ್ಲುತ್ತಿತ್ತು.

ಅಂಥ ಒಂದು ವರ್ಷ, ಶುಕ್ರವಾರದ ಹಿಂದಿನ ದಿನ, ಕರಟ ತರಲು ಹೋದರೆ ಅದರ ತುಂಬ ಮಸಿ.

ದೀಪದ ಮಸಿಯಲ್ಲ, ಕುಲುಮೆಯ ಮಸಿ. ಹೆಂಡತಿ ಹೋದ ಮೇಲೆ ಆ ಮನೆಯಲ್ಲಿ ಜಪದ ದೀಪ ಹಚ್ಚುವವರಿರಲಿಲ್ಲ. ಸಂದ್ಯಾಗಪ್ಪ ಹೊಸಿಲ ಪಕ್ಕದಲ್ಲೇ ಕುಸಿದು ಕೂತ. ಒಳಗೆ ಸುತ್ತಿಗೆ ನಿಂತಿತು. ಚೌರಪ್ಪ ಹೊರಗೆ ಬಂದ, ಅವನೂ ಮುದುಕನಾಗಿದ್ದ. 

“ತಕೊಂಡೋಗಿ ಬರಿ,” ಅಂದ ಚೌರಪ್ಪ.

ಸಂದ್ಯಾಗಪ್ಪ ತನ್ನ ಕೈ ಎತ್ತಿ ತೋರಿಸಿದ. ಗಾಳಿಗೆ ಸಿಕ್ಕ ಅರಳಿ ಎಲೆಯ ಹಾಗೆ ಅದು ಅಲ್ಲಾಡುತ್ತಿತ್ತು. “ಬರಿಯಾಕಾಗಲ್ಲ ಚೌರಣ್ಣ. ನೀನೇ ಬಾ.”

ಹಾಗೆ ಇಬ್ಬರೂ ಹೊರಟರು. ಪವಿತ್ರ ಗುರುವಾರ, ಪೂಜೆಗೆ ಜನ ಸೇರಿತ್ತು. ದೇವಾಲಯದ ಹೊಸಿಲಲ್ಲಿ ಚೌರಪ್ಪ ನಿಂತ. ದಾಟಿದ. ಜನ ದಾರಿ ಬಿಟ್ಟರು. ಅವನು ನೆಟ್ಟಗೆ ಮಾತೆಯ ಹತ್ತಿರ ಹೋಗಲಿಲ್ಲ, ಮೊದಲು ಗೋಡೆಯ ಮೇಲಿನ ಆ ಹಳೆಯ ಪಟದ ಮುಂದೆ ಹೋದ. ತಲೆ ಓರೆ ಮಾಡಿದ. ಮಚ್ಚೆಯ ಮುಖವನ್ನು ನೋಡಿದ, ಹೊಸ ಬಲಗೈಯನ್ನು ನೋಡಿದ. ಸುತ್ತ ನಿಂತಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದ.

“ಈಗ್ಲೂ ಸುತ್ತಿಗೆ ತೆಪ್ಪಾಗೇ ಹಿಡ್ಸಿದ್ದೀಯಲ್ಲೋ ಸಂದ್ಯಾಗ.”

ಸಂದ್ಯಾಗಪ್ಪ ನಕ್ಕ. ನಗುತ್ತಾ ನಗುತ್ತಾ ಗಳಗಳನೆ ಅತ್ತ. ಬೇರೆ ಯಾರಿಗೂ ನಗು ಬರಲಿಲ್ಲ.

ಆಮೇಲೆ ಅವನು ನಡುಗುವ ಕೈಯಲ್ಲೇ ಕರಟಕ್ಕೆ ಅಂಟು ಹಾಕಿದ, ಆರೋಗ್ಯಮ್ಮ ಕಲಸಿಕೊಟ್ಟಳು. ಚೌರಪ್ಪನಿಗೆ ಕುಂಚ ಹಿಡಿಯಲು ಬರುವುದಿಲ್ಲ. ಎಡಗೈಯ ಹೆಬ್ಬೆರಳನ್ನು ಮಸಿಯಲ್ಲಿ ಅದ್ದಿ, ‘ನಮೋ ಮರಿಯಾ’ ಅಂತ ಶುರು ಮಾಡಿ ನಡುವೆ ಮರೆತು ನಿಂತ. ಪಕ್ಕದಲ್ಲಿ ಸಂದ್ಯಾಗಪ್ಪ ಹೇಳಿಕೊಟ್ಟ. ಮುಗಿದ ಮೇಲೆ ಬೆಳ್ಳಗಿದ್ದ ಆ ಕಣ್ಣಿನ ಮೇಲೆ ಹೆಬ್ಬೆರಳು ಒತ್ತಿದ. ಆ ಕಣ್ಣು ಮತ್ತೆ ಬೀಳಲಿಲ್ಲ.

ಇವತ್ತಿಗೂ ಹೋಗಿ ನೋಡಬಹುದು ಅಂತಾರೆ. ಮಾತೆಯ ಎಡಗಣ್ಣು ತಾವರೆ ಎಸಳಿನ ಹಾಗೆ ತಿದ್ದಿ ತೀಡಿದ್ದು. ಬಲಗಣ್ಣು ಒಂದು ಹೆಬ್ಬೆರಳಿನ ಗುರುತು, ದೊಡ್ಡದು, ಕೆಳಗಡೆ ಸ್ವಲ್ಪ ಹರಡಿಕೊಂಡಿದೆ, ಅತ್ತು ಅತ್ತು ಕಾಡಿಗೆ ಕದಡಿದ ಹಾಗೆ. ಸರಿಮಾಡುತ್ತೇವೆ ಅಂತ ಬಂದ ಪಟದವರನ್ನು ಊರಿನವರು ಊಟ ಹಾಕಿ ಕಳಿಸಿದ್ದಾರೆ.

ಆ ಊರಲ್ಲಿ ತಪಸ್ಸುಕಾಲ ಬಂದರೆ ಮುನಿಸಿಕೊಂಡವರ ಹೊಸಿಲ ಮೇಲೆ ಇವತ್ತಿಗೂ ಕರಟ ಇಡುತ್ತಾರೆ. ಅಣ್ಣ ತಮ್ಮನ ಬಾಗಿಲಲ್ಲಿ ಇಡುತ್ತಾನೆ, ಅತ್ತೆ ಸೊಸೆಯ ತವರಿನಲ್ಲಿ ಇಡುತ್ತಾಳೆ. ಬಾಯಿಬಿಟ್ಟು ಕೇಳುವಂತಿಲ್ಲ. ಮಸಿ ಬಂದರೆ ಹಣೆಗೆ ಇಟ್ಟುಕೊಳ್ಳುತ್ತಾರೆ. ಬರಿದಾಗಿ ಬಂದರೆ ಯಾರನ್ನೂ ಬಯ್ಯುವಂತಿಲ್ಲ, ಮುಂದಿನ ವರ್ಷ ಮತ್ತೆ ಇಡಬೇಕು.

ಇನ್ನೊಂದು ಕರಟ ಇದೆ, ಅದು ಊರಿನದು. ಸಂದ್ಯಾಗಪ್ಪ ಅಷ್ಟು ವರ್ಷ ಆ ಹೊಸಿಲಿಗೆ ನಡೆದಾಗ ಊರಿನವರು ಯಾರೂ ತಮ್ಮದೊಂದು ಕರಟ ಇಡಲಿಲ್ಲ. ಹುಂಜ ಕೊಟ್ಟಿದ್ದೇವಲ್ಲ ಅಂದುಕೊಂಡಿದ್ದರು. ಚೌರಪ್ಪ ಪಟದ ಕಣ್ಣಿಗೆ ಹೆಬ್ಬೆರಳಿಟ್ಟ ವರ್ಷದ ಮಳೆಗಾಲದಲ್ಲೇ ತೀರಿಕೊಂಡ. ಅವನ ಪೆಟ್ಟಿಗೆಗೆ ಮೊಳೆ ಹೊಡೆಯಲು ಎಲ್ಲರೂ ಮುಂದೆ ಬಂದರಂತೆ, ಯಾರ ಕೈಗೂ ಸುತ್ತಿಗೆ ಎತ್ತಲು ಆಗಲಿಲ್ಲವಂತೆ. ಹಗ್ಗ ಕಟ್ಟಿ ಮಣ್ಣು ಮಾಡಿದರು.

ಕುಲುಮೆ ಈಗಿಲ್ಲ, ಹೊಸಿಲ ಕಲ್ಲೊಂದು ಉಳಿದಿದೆ. ಬೂದಿ ಬುಧವಾರ ಊರಿನವರೆಲ್ಲ ಹೋಗಿ ಆ ಕಲ್ಲಿನ ಮೇಲೆ ಒಂದು ಕರಟ ಇಟ್ಟು ಬರುತ್ತಾರೆ. ಶುಕ್ರವಾರದ ಹಿಂದಿನ ದಿನ ಹೋಗಿ ನೋಡುತ್ತಾರೆ. ಪ್ರತಿ ವರ್ಷವೂ ಅದು ಬರಿದಾಗಿಯೇ ಇರುತ್ತದೆ. ಎತ್ತಿಕೊಂಡು, ತಲೆ ತಗ್ಗಿಸಿ, ಅದೇ ಬೀದಿಯಲ್ಲಿ ವಾಪಸು ಬರುತ್ತಾರೆ.